ಹೊನಗೊನೆಯ ತೊಟ್ಟು

ಅಮೆರಿಕದ ಬಾಥೆಲ್ ಊರಿನ ಒಂದು ಆಫೀಸ್ ಪಾರ್ಕಿನ ಹಿಂಬದಿಯ ಕೋಣೆಯಲ್ಲಿ, ಕಬ್ಬಿಣದ ಬೀರುವಿನೊಳಗೆ, ನನ್ನ ಕೈಬರಹದ ಎರಡು ಚೀಟಿ ಅಂಟಿಸಿದ ಒಂದು ಹಾಳೆ ಇದೆ. ಹಾಳೆಯ ನಡುವೆ ಒಣಗಿದ ಒಂದು ಗಿಡ. ಎರಡು ಚೀಟಿಗಳೂ ಆ ಗಿಡ ಯಾವುದು ಎಂದು ಹೇಳುತ್ತವೆ, ಆದರೆ ಒಂದೊಂದು ಒಂದೊಂದು ಹೆಸರು ಹೇಳುತ್ತದೆ. ಮೊದಲನೆಯದು ತಪ್ಪು. ಅದನ್ನು ಬರೆದ ದಿನ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಎರಡನೆಯದನ್ನು ಬರೆದ ದಿನ ತಲೆ ಎತ್ತಲಾಗಲಿಲ್ಲ. ಈಗ ಯಾರಾದರೂ ನಿನ್ನ ಬದುಕಿನಲ್ಲಿ ನೀನು ಹೆಮ್ಮೆ ಪಡುವಂಥದ್ದೇನಾದರೂ ತೋರಿಸು ಎಂದರೆ ಆ ಎರಡನೆಯ ಚೀಟಿಯನ್ನೇ ತೋರಿಸುತ್ತೇನೆ.

ಎರಡು ಸಾವಿರದ ಇಸವಿಯ ಮೊದಲ ದಶಕ ಆಗ ಅರ್ಧ ಕಳೆದಿತ್ತು. ನನ್ನ ಗಂಡ ಬೆಳಗ್ಗೆ ಏಳೂವರೆಗೆ ಕಾರು ಹತ್ತಿ ರೆಡ್ಮಂಡಿಗೆ ಕೆಲಸಕ್ಕೆ ಹೋಗುತ್ತಿದ್ದರು. ನಾನು ಅವರ ವೀಸಾದ ಬಾಲ ಹಿಡಿದುಕೊಂಡು ಬಂದವಳು. ಆ ವೀಸಾದ ಮೇಲೆ ಸಂಬಳಕ್ಕೆ ದುಡಿಯುವ ಹಾಗಿರಲಿಲ್ಲ. ಮೈಸೂರಿನಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮಾಡಿ, ಎರಡು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ್ದೆ. ಇಲ್ಲಿ ಯಾರದಾದರೂ ಮನೆಯ ಊಟದಲ್ಲಿ "ನೀವೇನ್ ಮಾಡ್ತಿದೀರಾ?" ಎಂದು ಕೇಳಿದರೆ "ಮನೇಲಿದೀನಿ" ಎಂದು ಹೇಳಿ ಮೊಸರನ್ನದ ಪಾತ್ರೆಯ ಕಡೆ ತಿರುಗಿಬಿಡುತ್ತಿದ್ದೆ. ಕೇಳಿದವರದೇನೂ ತಪ್ಪಿಲ್ಲ. ಆದರೂ ಸಿಟ್ಟು ಬರುತ್ತಿತ್ತು. ನನಗೆ ಸಿಟ್ಟು ಬರಲು ದೊಡ್ಡ ಕಾರಣ ಯಾವತ್ತೂ ಬೇಕಾಗಿಲ್ಲ.

ಒಂದು ದಿನ ಲೈಬ್ರರಿಯ ಗೋಡೆಯ ಮೇಲೆ ಒಂದು ಪ್ರಕಟಣೆ ನೋಡಿದೆ. ಗಿಡಗಳ ಲ್ಯಾಟಿನ್ ಹೆಸರು ಓದಬಲ್ಲ, ಅಕ್ಷರ ದುಂಡಾಗಿರುವ, ಸಂಬಳ ಕೇಳದ ಜನ ಬೇಕು ಎಂದಿತ್ತು. ಮೂರೂ ಲಕ್ಷಣ ನನ್ನಲ್ಲಿದ್ದವು. ಮಾರನೆಯ ದಿನವೇ ಹೋದೆ.

ಅದು ನಾಲ್ಕೈದು ಜನರ ಪುಟ್ಟ ಸಂಸ್ಥೆ. ಪೆಸಿಫಿಕ್ ಸಾಗರದ ನಡುವಿನ ಒಂದು ದ್ವೀಪ ರಾಷ್ಟ್ರದಲ್ಲಿ ಹೊರಗಿನಿಂದ ಬಂದು ಸೇರಿಕೊಂಡ ಗಿಡಗಳು ಯಾವುವು ಎಂದು ಪಟ್ಟಿ ಮಾಡುವುದು ಅವರ ಕೆಲಸ. ಆ ದೇಶದ ಕೃಷಿ ಇಲಾಖೆಯ ಒಬ್ಬ ಹೆಂಗಸು ಊರೂರು ಸುತ್ತಿ ಗಿಡ ಕಿತ್ತು, ಒತ್ತಿ ಒಣಗಿಸಿ, ಹಳೆಯ ಪೇಪರಿನಲ್ಲಿ ಸುತ್ತಿ, ಪೆಟ್ಟಿಗೆ ಕಟ್ಟಿ ಕಳಿಸುತ್ತಿದ್ದಳು. ನಾವು ಒಂದೊಂದನ್ನೂ ದಪ್ಪ ಹಾಳೆಗೆ ಅಂಟಿಸಬೇಕು, ಗುರುತಿಸಬೇಕು, ಕಂಪ್ಯೂಟರಿಗೆ ಹಾಕಬೇಕು, ಮೂರರಲ್ಲಿ ಒಂದು ಗುಂಪಿಗೆ ಸೇರಿಸಬೇಕು. ಆ ಮೂರು ಗುಂಪು ಯಾವುವು ಎಂದು ಅಮ್ಮನಿಗೆ ಫೋನಿನಲ್ಲಿ ವಿವರಿಸಿದಾಗ ಅಮ್ಮ ಕೇಳಿದ್ದು ಇಷ್ಟೇ.

"ಅಂದ್ರೆ ಮನೆಯವ್ರು, ನೆಂಟ್ರು, ಬಂದು ಮನೆನೇ ಹಿಡ್ಕೊಂಡೋರು ಅಂತ ತಾನೆ?"

ಇದಕ್ಕಿಂತ ಚೆನ್ನಾಗಿ ಹೇಳಿದ ಪುಸ್ತಕ ನನಗೆ ಇನ್ನೂ ಸಿಕ್ಕಿಲ್ಲ. ನಮ್ಮ ಕನ್ನಡದವರ ಕೂಟಗಳಲ್ಲಿ ಮಾತ್ರ ನನ್ನ ಕೆಲಸದ ಸುದ್ದಿ ಬಂದಾಗಲೆಲ್ಲ ಯಾರಾದರೊಬ್ಬರು "ಹಾಗಾದ್ರೆ ನಾವೂ ಆ ಲಿಸ್ಟಲ್ಲಿದೀವಾ?" ಎಂದು ಕೇಳಿ ತಾವೇ ನಗುತ್ತಿದ್ದರು. ಈ ಜೋಕನ್ನು ನಾನು ಇಪ್ಪತ್ತು ಸಲವಾದರೂ ಕೇಳಿದ್ದೇನೆ. ಮನುಷ್ಯರನ್ನು ಕಳೆಗೆ ಹೋಲಿಸುವುದು ನನಗೆ ಹಿಡಿಸುವುದಿಲ್ಲ. ಕಳೆಗೂ ಅದು ಹಿಡಿಸಲಾರದು.

ನಮ್ಮ ಕೆಲಸದ ಯಜಮಾನರು ಹತ್ತಿರದ ಪುಟ್ಟ ಊರು ಡುವಾಲ್‌ನಿಂದ ಬರುತ್ತಿದ್ದ ಒಬ್ಬ ಅಜ್ಜ. ಬದುಕೆಲ್ಲ ಗಿಡಗಳ ಪಾಠ ಹೇಳಿ ನಿವೃತ್ತರಾಗಿ, ನದಿಯ ಕಣಿವೆಯಲ್ಲಿ ಒಂದಿಷ್ಟು ಜಮೀನು ಇಟ್ಟುಕೊಂಡಿದ್ದರು. ಮಣ್ಣು ಮೆತ್ತಿದ ರಬ್ಬರ್ ಬೂಟಿನಲ್ಲೇ ಆಫೀಸಿಗೆ ಬರುತ್ತಿದ್ದರು. ಮಾತು ಕಡಿಮೆ. ಅವರು ಇಂಗ್ಲಿಷಿನಲ್ಲಿ ಆಡಿದ್ದೆಲ್ಲ ನನಗೆ ಈಗ ಕನ್ನಡದಲ್ಲೇ ನೆನಪಿದೆ. ಮೊದಲ ದಿನ ನನಗೊಂದು ಪೆನ್ಸಿಲ್ ಕೊಟ್ಟು, "ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಬರೀರಿ. ಇಲ್ಲಿ ಅದಕ್ಕೆ ಯಾರೂ ಬೈಯಲ್ಲ" ಎಂದರು.

ಆದರೆ ನನಗೆ ಗೊತ್ತಿತ್ತು. ಬಂದ ಪೆಟ್ಟಿಗೆಗಳಲ್ಲಿ ಹೂವಿಲ್ಲದ ಗಿಡಗಳೇ ಹೆಚ್ಚು. ಹೂವಿಲ್ಲದಿದ್ದರೆ ಪಂಡಿತರು ಕೈ ಚೆಲ್ಲುತ್ತಾರೆ, ಅವರ ಪುಸ್ತಕಗಳೆಲ್ಲ ಹೂವಿನಿಂದಲೇ ಶುರುವಾಗುವುದು. ನಾನು ಬೆಳೆದದ್ದು ಮಂಡ್ಯದ ಕಡೆ, ಬೆರಕೆ ಸೊಪ್ಪಿನ ಸಾರು ಉಂಡು. ಮೊದಲ ಮಳೆ ಬಿದ್ದು ರಾಗಿ ಹೊಲದಲ್ಲಿ ಕಳೆ ಎದ್ದರೆ ಅಮ್ಮ ಮಡಿಲು ಕಟ್ಟಿಕೊಂಡು ಹೊರಡುತ್ತಿದ್ದಳು. ನಾನು ಹಿಂದೆ. ಅಣ್ಣೆ, ಗಣಿಕೆ, ಕನ್ನೆ, ಗೋಣಿ, ಹೊನಗೊನೆ, ಹೀಗೆ ಸಿಕ್ಕಿದ್ದೆಲ್ಲ ಮಡಿಲಿಗೆ. ಹೂ ಬಿಟ್ಟ ಮೇಲೆ ಸೊಪ್ಪು ಬಲಿತು ನಾರಾಗುತ್ತದೆ. ಅದಕ್ಕೆ ಮೊದಲೇ, ನಾಲ್ಕೆಲೆ ಇರುವಾಗಲೇ ಇದು ತಿನ್ನುವಂಥದ್ದು, ಇದಲ್ಲ ಎಂದು ಕೈಗೆ ಗೊತ್ತಾಗಬೇಕು. ನನ್ನ ಕೈಗೆ ಎಂ.ಎಸ್ಸಿ.ಗಿಂತ ಮುಂಚೆಯೇ ಅದು ಗೊತ್ತಾಗಿತ್ತು.

ಹಾಗಾಗಿ ಅಜ್ಜ ಪಕ್ಕಕ್ಕಿಟ್ಟ ಹಾಳೆಗಳನ್ನು ನಾನು ಒಂದೊಂದಾಗಿ ಎತ್ತಿಕೊಂಡು ಇದು ಗಣಿಕೆ, ಇದು ಗೋಣಿ ಎಂದು ಹೇಳಿ, ಆಮೇಲೆ ಪುಸ್ತಕದಲ್ಲಿ ಲ್ಯಾಟಿನ್ ಹೆಸರು ಹುಡುಕಿ ಕೊಡತೊಡಗಿದೆ. ಅವರು ಲೆನ್ಸ್ ಹಿಡಿದು ತಾಳೆ ನೋಡುತ್ತಿದ್ದರು. ಸರಿಯಾಗಿಯೇ ಇರುತ್ತಿತ್ತು. ಕೆಲವು ತಿಂಗಳಾದ ಮೇಲೆ ಮೇಜಿನ ಮೇಲೆ ಒಂದು ತಟ್ಟೆ ಇಟ್ಟು, ಅದರ ಮೇಲೆ 'ಹೂವಿಲ್ಲದವು' ಎಂದು ಬರೆದು, ಕೆಳಗೆ ನನ್ನ ಹೆಸರು ಹಾಕಿದರು. ಆ ತಟ್ಟೆಯನ್ನು ನೋಡಲು ನನ್ನ ಗಂಡನನ್ನು ಒಂದು ಶನಿವಾರ ಕರೆದುಕೊಂಡು ಹೋಗಿದ್ದೆ. ಅವರು ತಟ್ಟೆಯನ್ನು ನೋಡಿ, ನನ್ನನ್ನು ನೋಡಿ, "ಪ್ರಮೋಷನ್ ಆಯ್ತು ಅನ್ನು" ಎಂದರು.

ಇನ್ನು ಪಕ್ಕದ ಊರು ಮಿಲ್ ಕ್ರೀಕ್‌ನ ಆಂಟಿಯ ವಿಷಯ ಹೇಳಬೇಕು. ತುಮಕೂರು ಕಡೆಯವರು. ಇಂಜಿನಿಯರ್ ಗಂಡನ ಜೊತೆ ನಮಗಿಂತ ಎಷ್ಟೋ ವರ್ಷ ಮೊದಲೇ ಬಂದು ನೆಲೆಸಿದವರು. ಅವರ ಮನೆಯಲ್ಲಿ ಚಳಿಗಾಲ ಬಂತೆಂದರೆ ಕರಿಬೇವಿನ ಕುಂಡ ಹಾಲ್‌ನಲ್ಲಿ ಹೀಟರ್ ಪಕ್ಕ, ಅಂಕಲ್ ಪೇಪರ್ ಹಿಡಿದುಕೊಂಡು ಅಡುಗೆಮನೆಯಲ್ಲಿ. ಕುಂಡಕ್ಕೇ ಜಾಗ, ಗಂಡನಿಗಿಲ್ಲ. ಒಂದು ಸಲ ಹ್ಯೂಸ್ಟನ್ನಿನ ನಾದಿನಿಯ ಮನೆಗೆ ಹೋದಾಗ ಅಲ್ಲಿಯ ಹಿತ್ತಲ ಕಾಲುವೆಯ ಅಂಚಿನಲ್ಲಿ ಹೊನಗೊನೆ ಕಂಡರಂತೆ. ನಾಲ್ಕು ಕಡ್ಡಿ ಕಿತ್ತು, ಒದ್ದೆ ಪೇಪರಿನಲ್ಲಿ ಸುತ್ತಿ, ಸೂಟ್‌ಕೇಸಿನಲ್ಲಿಟ್ಟು ತಂದರು. ಹೊನಗೊನೆ ಕಣ್ಣಿಗೆ ಒಳ್ಳೆಯದೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದು ಅಮೆರಿಕದಲ್ಲಿ ಸಿಕ್ಕಿತೆಂದರೆ ಸುಮ್ಮನೆಯೇ? ಮುಂದಿನ ಸಂಕ್ರಾಂತಿಯಲ್ಲಿ ಎಳ್ಳುಬೆಲ್ಲದ ಜೊತೆ ಎಲ್ಲರಿಗೂ ಒಂದೊಂದು ಸ್ಟೀಲ್ ಡಬ್ಬಿಯಲ್ಲಿ, ನೀರಿನಲ್ಲಿ ನಿಲ್ಲಿಸಿದ ಒಂದೊಂದು ಕಡ್ಡಿ. ನನಗೂ ಸಿಕ್ಕಿತು.

ಕುಂಡದಲ್ಲಿ ಚುಚ್ಚಿದ್ದು ವಾರದಲ್ಲಿ ಚಿಗುರಿತು. ಎಲೆ ಊರಿನದಕ್ಕಿಂತ ಉದ್ದ, ಸ್ವಲ್ಪ ದಪ್ಪ. ನಾನೇ ಒಮ್ಮೆ ಕೇಳಿದೆ.

"ಆಂಟಿ, ಎಲೆ ಯಾಕೆ ಇಷ್ಟು ದೊಡ್ಡದಿದೆ?"

"ಇಲ್ಲಿ ಎಲ್ಲಾ ದೊಡ್ಡದಾಗೇ ಬೆಳೆಯೋದು ಕಣಮ್ಮ. ಬದನೆಕಾಯಿ ನೋಡಿದೀಯಲ್ಲ, ಒಂದು ತಗೊಂಡ್ರೆ ಮೂರು ದಿನ ವಾಂಗಿಬಾತು."

ಈ ಉತ್ತರ ನನಗೂ ಸರಿ ಎನಿಸಿತು. ಬದನೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ಎಲ್ಲವೂ ಇಲ್ಲಿ ದೊಡ್ಡವೇ. ನಮ್ಮವರಲ್ಲಿ ಹತ್ತು ಜನ ಓದಿದವರು ಆ ಸೊಪ್ಪು ತಿಂದು, ಹತ್ತೂ ಜನ ಇದೇ ಮಾತು ಹೇಳಿದೆವು. ಅವರಲ್ಲಿ ಸಸ್ಯಶಾಸ್ತ್ರ ಓದಿದವಳು ನಾನೊಬ್ಬಳೇ.

ಆ ಚಳಿಗಾಲ ಬಂದ ಪೆಟ್ಟಿಗೆಯಲ್ಲಿ ಆ ಗಿಡವಿತ್ತು. ಹೂವಿಲ್ಲ. ಜೊತೆಗೆ ದ್ವೀಪದ ಹೆಂಗಸಿನ ಟಿಪ್ಪಣಿ. ನಮ್ಮ ಊರಿನ ಕೆಸುವಿನ ಗದ್ದೆಗೆ ನೀರು ಹಾಯಿಸುವ ಕಾಲುವೆಯಲ್ಲಿ ಇದು ಹೊಸದಾಗಿ ಕಾಣಿಸಿಕೊಂಡಿದೆ, ಚಾಪೆಯಷ್ಟು ಜಾಗದಲ್ಲಿದೆ, ನಮಗೆ ಕೆಸುವೇ ಊಟ, ಇದನ್ನು ಕೀಳಬೇಕೋ ಬಿಡಬಹುದೋ ಬೇಗ ತಿಳಿಸಿ ಎಂದು ಬರೆದಿದ್ದಳು.

ಅಜ್ಜ ಗಿಡದ ಕುಲದ ಹೆಸರಿನವರೆಗೆ ಮಾತ್ರ ಬರೆದು, ಮುಂದೆ ಪೆನ್ಸಿಲಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿದರು.

"ಹೂವಿಲ್ದೆ ನಾನು ಹೇಳಲ್ಲ."

"ನಾನು ಹೇಳ್ತೀನಿ. ಇದನ್ನ ತಿಂದೇ ಬೆಳೆದಿದೀನಿ" ಎಂದೆ.

ಮನೆಯ ಕುಂಡದಿಂದ ಒಂದು ಕಡ್ಡಿ ತಂದು ಹಾಳೆಯ ಪಕ್ಕ ಇಟ್ಟೆ. ಎಲೆ, ಗೆಣ್ಣು, ಅಂಚು ಎಲ್ಲವೂ ಒಂದೇ. ಅಜ್ಜ ಬಹಳ ಹೊತ್ತು ನೋಡಿದರು. "ನಿಮ್ಮ ಕುಂಡದ್ದು ಅದೇ ಗಿಡ ಅಂತ ಹೇಗೆ ಗೊತ್ತು?" ಎಂದು ಕೇಳಿದರು. ನಿಮ್ಮ ಅಮ್ಮನೇ ನಿಮ್ಮ ಅಮ್ಮ ಎಂದು ಹೇಗೆ ಗೊತ್ತು ಎಂದು ಕೇಳಿದ ಹಾಗಿತ್ತು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಕೊನೆಗೆ ಅವರು ಗುರುತಿನ ಚೀಟಿಯೊಂದನ್ನು ನನ್ನ ಮುಂದೆ ಸರಿಸಿ, ಪೆನ್ಸಿಲ್ ಬದಲು ಇಂಕ್ ಪೆನ್ ಕೊಟ್ಟರು. ಗಿಡದ ಹೆಸರು, ಗುರುತಿಸಿದವರ ಹೆಸರು, ತಾರೀಕು. ಈ ದೇಶಕ್ಕೆ ಬಂದ ಮೇಲೆ ನಾನು ತುಂಬಿದ ಕಾಗದಗಳಲ್ಲಿ, ನನ್ನ ಹೆಸರಿನ ಮುಂದೆ ಗಂಡನ ಅವಲಂಬಿತಳು ಎಂಬ ಮಾತಿಲ್ಲದ ಮೊದಲನೆಯದು ಅದು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ನಾನು ಆ ಹೆಂಗಸಿಗೆ ಈಮೇಲ್ ಬರೆದೆ. ಇದು ನಿರಪಾಯದ ಗಿಡ, ನಮ್ಮ ಕಡೆ ಸಾವಿರಾರು ವರ್ಷಗಳಿಂದ ತಿನ್ನುತ್ತಾರೆ, ಕಣ್ಣಿಗೆ ಒಳ್ಳೆಯದು, ಕೀಳಬೇಡಿ. ಕೆಳಗೆ ಹೊನಗೊನೆ ಸೊಪ್ಪಿನ ಸಾರು ಮಾಡುವ ವಿಧಾನ. ಎರಡು ವಾರ ಬಿಟ್ಟು ಅವಳ ಉತ್ತರ ಬಂತು. ತೆಂಗಿನಹಾಲು ಹಾಕಿ ಬೇಯಿಸಿದೆವು, ಮಕ್ಕಳು ಕೂಡ ತಿಂದರು, ನಮ್ಮ ಅತ್ತೆ ನಾಲ್ಕು ಕಡ್ಡಿ ಕೊಂಡೊಯ್ದು ಇನ್ನೊಂದು ಕಾಲುವೆಯ ಪಕ್ಕವೂ ನೆಟ್ಟಿದ್ದಾರೆ ಎಂದಿತ್ತು. ಆ ಈಮೇಲನ್ನು ಪ್ರಿಂಟ್ ಮಾಡಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡೆ.

ಬೇಸಿಗೆ ಬಂತು. ಕುಂಡವನ್ನು ಬಾಲ್ಕನಿಗೆ ಇಟ್ಟಿದ್ದೆ. ಜುಲೈ ತಿಂಗಳ ಒಂದು ಸಂಜೆ ಬಸ್ಸಾರಿಗೆಂದು ಸೊಪ್ಪು ಬಿಡಿಸುತ್ತಿದ್ದಾಗ ಒಂದು ಬಿಳಿಯ ಹೂ ಕೈಗೆ ಸಿಕ್ಕಿತು. ಗುಂಡಿಯಂಥ ಪುಟ್ಟ ಹೂ. ಅದು ಎಲೆಯ ಕಂಕುಳಿನಿಂದ ಹೊರಟ ಒಂದು ಉದ್ದನೆಯ ತೊಟ್ಟಿನ ತುದಿಯಲ್ಲಿ ನಿಂತಿತ್ತು. ತೊಟ್ಟು ನನ್ನ ಕಿರುಬೆರಳಿನಷ್ಟಿತ್ತು.

ನೋಡುತ್ತ ಕುಳಿತೆ. ಅಮೆರಿಕದಲ್ಲಿ ತೊಟ್ಟೂ ದೊಡ್ಡದಾಗಿ ಬೆಳೆಯುತ್ತದೇನೋ ಎಂದು ಒಂದು ಕ್ಷಣ ಅಂದುಕೊಂಡೆ. ನಿಜವಾಗಿಯೂ ಅಂದುಕೊಂಡೆ. ಆಮೇಲೆ ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಾಗಿತ್ತು.

"ಅಮ್ಮ, ಹೊನಗೊನೆ ಹೂವಿಗೆ ತೊಟ್ಟಿರತ್ತಾ?"

"ತೊಟ್ಟೆಲ್ಲಿಂದ ಬರತ್ತೆ? ಗೆಣ್ಣಿಗೇ ಅಂಟ್ಕೊಂಡಿರತ್ತಲ್ಲ. ಬಿಡಿಸಿ ಬಿಡಿಸಿ ಉಗುರು ನೋಯತ್ತೆ ಅಂತ ನೀನೇ ಅಳ್ತಿದ್ದೆ, ಮರ್ತ್ಬಿಟ್ಯಾ?"

ಮರೆತಿರಲಿಲ್ಲ. ನೆನಪಿಗೆ ಬರಲು ಬಿಟ್ಟಿರಲಿಲ್ಲ, ಅಷ್ಟೇ. ಫೋನ್ ಇಟ್ಟು ಒಂದು ಕಡ್ಡಿ ಮುರಿದೆ. ಒಳಗೆ ಟೊಳ್ಳು. ಹೊನಗೊನೆಯ ಅಕ್ಕನೋ ತಂಗಿಯೋ ಆದ ಆ ಇನ್ನೊಂದು ಗಿಡದ ಬಗ್ಗೆ ನಾನೇ ಕಾಲೇಜಿನಲ್ಲಿ ಪಾಠ ಮಾಡಿದ್ದೆ. ಅದರ ಹುಟ್ಟೂರು ದಕ್ಷಿಣ ಅಮೆರಿಕ. ಇಂಗ್ಲಿಷಿನಲ್ಲಿ ಅದಕ್ಕೆ ಮೊಸಳೆಯ ಹೆಸರಿಟ್ಟಿದ್ದಾರೆ. ಗೆಣ್ಣೊಂದು ನೀರಿಗೆ ಬಿದ್ದರೆ ಸಾಕು, ಹಬ್ಬಿ ಚಾಪೆ ಹೆಣೆದು ಕಾಲುವೆಯನ್ನೇ ಮುಚ್ಚಿಬಿಡುತ್ತದೆ. ನೀರಿಲ್ಲದಿದ್ದರೆ ಕೆಸು ಸಾಯುತ್ತದೆ. ಬಂದು ಮನೆಯನ್ನೇ ಹಿಡಿದುಕೊಳ್ಳುವವರ ಪಟ್ಟಿಯಲ್ಲಿ ಅದಕ್ಕೆ ಮೊದಲ ಸಾಲಿನಲ್ಲೇ ಜಾಗ. ಅದನ್ನು ಕೀಳಬೇಡಿ ಎಂದು ನಾನು ಬರೆದಿದ್ದೆ. ಸಾರು ಮಾಡುವುದನ್ನೂ ಹೇಳಿಕೊಟ್ಟಿದ್ದೆ.

ಬೆಳಗ್ಗೆ ಎಲ್ಲರಿಗಿಂತ ಮೊದಲು ಆಫೀಸಿಗೆ ಹೋದೆ. ಬೀರು ತೆಗೆದು ಆ ಹಾಳೆಯನ್ನು ಮೇಜಿನ ಮೇಲಿಟ್ಟೆ. ಆ ಗೋಂದು ನೀರಿಗೆ ಬಿಡುತ್ತದೆಂದು ನನಗೆ ಗೊತ್ತಿತ್ತು. ಹತ್ತಿಯನ್ನು ಒದ್ದೆ ಮಾಡಿಕೊಂಡು ನನ್ನ ಚೀಟಿಯ ಮೂಲೆಗೆ ಒತ್ತಿದೆ. ಹೊಸ ಚೀಟಿ ಅಂಟಿಸಿಬಿಟ್ಟರೆ ಮೊದಲಿಂದಲೂ ಹಾಗೇ ಇತ್ತು ಎನ್ನಬಹುದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲವಂತೆ. ನನ್ನದು ಒಂದು ಹಿಡಿ ಸೊಪ್ಪಿಗೆ ಹೋಗುವುದರಲ್ಲಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ರಬ್ಬರ್ ಬೂಟಿನ ಸದ್ದು.

"ಅದನ್ನ ತೆಗೆಯೋ ಹಾಗಿಲ್ಲ" ಎಂದರು ಅಜ್ಜ.

ನಾನು ಹತ್ತಿಯನ್ನು ಕೆಳಗಿಟ್ಟೆ. ಕುಂಡದಿಂದ ತಂದ ಹೂವನ್ನು ತೋರಿಸಿದೆ. ತೊಟ್ಟು ನೋಡಿದ ತಕ್ಷಣ ಅವರಿಗೆ ಎಲ್ಲವೂ ಅರ್ಥವಾಯಿತು. ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಬೀರುವಿನ ಇನ್ನೊಂದು ಖಾನೆಯಿಂದ ಹಳೆಯ ಹಾಳೆಯೊಂದನ್ನು ತಂದು ನನ್ನದರ ಪಕ್ಕ ಇಟ್ಟರು. ಅದರ ಮೇಲೆ ಒಂದರ ಕೆಳಗೊಂದು ಐದು ಚೀಟಿ. ಮೂರನೆಯದು ಅವರದೇ, ಯಾವುದೋ ಕಾಲದ್ದು, ತಪ್ಪು. ನಾಲ್ಕನೆಯವರು ಬಂದು ತಿದ್ದಿದ್ದರು.

"ಹಳೆ ಚೀಟಿ ಕೀಳ್ಬಾರ್ದು. ಮುಂದೆ ಬರೋವ್ರಿಗೆ ನಾವು ಎಲ್ಲಿ ಎಡವಿದ್ವಿ ಅಂತ ಗೊತ್ತಾಗ್ಬೇಕು. ಮೊದ್ಲು ಅವ್ರಿಗೆ ಬರೀರಿ. ಚೀಟಿ ಆಮೇಲೆ."

ಬರೆದೆ. ಆ ಗಿಡ ಹೊನಗೊನೆಯಲ್ಲ. ತಪ್ಪು ನನ್ನದು. ಹೂ ಬಂದಿದ್ದರೆ ತೊಟ್ಟಿದೆಯೇ ನೋಡಿ, ಇದ್ದರೆ ಒಂದು ಗೆಣ್ಣೂ ಉಳಿಯದ ಹಾಗೆ ಕೀಳಿಸಿ. ಕ್ಷಮಿಸಿ ಎಂದು ಬರೆಯಲು ಅರ್ಧ ಗಂಟೆ ಬೇಕಾಯಿತು. ನನ್ನ ಬಾಯಿಗೆ ಆ ಮಾತಿನ ಅಭ್ಯಾಸ ಕಡಿಮೆ. ಉತ್ತರಕ್ಕೆ ನಾಲ್ಕು ದಿನ ಕಾದೆ. ಆ ನಾಲ್ಕು ದಿನ ಮನೆಯಲ್ಲಿ ನಾನು ಬೇಯಿಸಿದ್ದಕ್ಕೆ ಉಪ್ಪಿತ್ತೋ ಇಲ್ಲವೋ ನನ್ನ ಗಂಡನೇ ಹೇಳಬೇಕು. ಅವರು ಪಾಪ ಹಾಕಿದ್ದನ್ನು ಹಾಗೇ ಉಂಡು ಏಳುತ್ತಿದ್ದರು.

ಐದನೆಯ ದಿನ ಬಂತು. ಹೂವಿದೆ, ತೊಟ್ಟಿದೆ. ಎರಡು ಕಾಲುವೆಯಲ್ಲೂ ಇದೆ, ಮೊದಲನೆಯದರಲ್ಲಿ ಆರೇಳು ಚಾಪೆಯಷ್ಟಾಗಿದೆ. ಊರಿನವರು ನಾಳೆಯಿಂದ ಇಳಿಯುತ್ತಾರೆ ಎಂದು ಬರೆದಿದ್ದಳು. ಕೊನೆಯಲ್ಲಿ, ಸಾರು ಮಾತ್ರ ಚೆನ್ನಾಗಿತ್ತು ಎಂದು ಸೇರಿಸಿದ್ದಳು. ಅದನ್ನು ಓದಿ ನಾನು ಆಫೀಸಿನಲ್ಲೇ ಅತ್ತುಬಿಟ್ಟೆ.

ಎರಡನೆಯ ಚೀಟಿ ಬರೆದು ಮೊದಲನೆಯದರ ಕೆಳಗೆ ಅಂಟಿಸಿದೆ. ಆದರೆ ಕೆಲಸ ಮುಗಿದಿರಲಿಲ್ಲ. ಕಡ್ಡಿ ಹೋದ ಮನೆಗಳೆಲ್ಲ ಬಾಥೆಲ್, ಮಿಲ್ ಕ್ರೀಕ್, ಡುವಾಲ್ ಸುತ್ತಲೇ ಇದ್ದವು. ಇಲ್ಲಿಯ ಹಳ್ಳಕ್ಕೆ ಅದು ಬೀಳಬಾರದು. ಇಲ್ಲಿಯ ಚಳಿಗೆ ಅದು ಸಾಯಬಹುದೆಂದು ಅಂದಾಜು ಮಾಡಬಹುದಿತ್ತು, ಆದರೆ ಅಂದಾಜಿನ ಮೇಲೆ ನನಗೆ ನಂಬಿಕೆ ಹೋಗಿತ್ತು. ಭಾನುವಾರ ಆಂಟಿಯ ಮನೆಗೆ ಹೋಗಿ ಅವರ ಅಡುಗೆಮನೆಯಲ್ಲಿ ನಿಂತುಕೊಂಡೇ ಹೇಳಿದೆ. ಅವರು ಒಗ್ಗರಣೆ ಸೌಟು ಹಿಡಿದವರು ಹಾಗೇ ತಿರುಗಿದರು.

"ಇಪ್ಪತ್ತು ಮನೆಗೆ ಕೊಟ್ಟಿದೀನಿ. ಎಲ್ರೂ ತಿಂದಿದಾರೆ. ಯಾರಾದ್ರೂ ಸತ್ರಾ?"

"ತಿಂದ್ರೆ ಏನೂ ಆಗಲ್ಲ ಆಂಟಿ. ನೀರಿಗೆ ಹೋದ್ರೆ ಕಷ್ಟ."

"ನೀನು ಓದಿದೀಯ, ನಾನು ಓದಿಲ್ಲ. ಆದ್ರೆ ಹೊನಗೊನೆ ಯಾವ್ದು ಅಂತ ನನಗೆ ನೀನು ಹೇಳ್ಕೊಡ್ಬೇಡ."

ನಾನೂ ಆರು ತಿಂಗಳ ಹಿಂದೆ ಇದೇ ಮಾತನ್ನು ಡುವಾಲ್ ಅಜ್ಜನಿಗೆ ಹೇಳಿದ್ದೆ. ಹಾಗಾಗಿ ವಾದ ಮಾಡದೆ ಅವರ ಕುಂಡದಿಂದಲೇ ಹೂವಿನ ಕಡ್ಡಿಯೊಂದನ್ನು ಮುರಿದು ಕೈಗೆ ಕೊಟ್ಟೆ. ಅವರು ಸೌಟು ಇಟ್ಟರು. ಕನ್ನಡಕ ಹಾಕಿಕೊಂಡರು. ತೊಟ್ಟನ್ನು ಬೆರಳಿನಿಂದ ಸವರಿದರು. ಒಲೆಯ ಮೇಲೆ ಸಾಸಿವೆ ಸೀದು ಹೋಯಿತು.

"ನಮ್ಮೂರ ಕೆರೆ ಏರಿ ಕೆಳಗೆ ಬೆಳೀತಿತ್ತು. ಅದಕ್ಕೆ ತೊಟ್ಟಿರ್ಲಿಲ್ಲ" ಎಂದರು, ನನಗಲ್ಲ, ಗಿಡಕ್ಕೆ.

ಯಾರಿಗೆಲ್ಲ ಕೊಟ್ಟಿರೆಂದು ನೆನಪಿದೆಯೇ ಎಂದು ಕೇಳಿದೆ. ನೆನಪೇಕೆ ಬೇಕು ಎನ್ನುವಂತೆ ಅವರು ಗೋಡೆಯಿಂದ ಪಂಚಾಂಗದ ಕ್ಯಾಲೆಂಡರ್ ಇಳಿಸಿ, ಹಿಂದಿನ ವರ್ಷದ ಹಾಳೆಗಳನ್ನೂ ತೆಗೆದು ಮೇಜಿನ ಮೇಲೆ ಹರಡಿದರು. ಪ್ರತಿ ತಾರೀಕಿನ ಚೌಕದಲ್ಲಿ ಇರುವೆಯಂಥ ಅಕ್ಷರ. ಯಾರ ಮನೆಗೆ ಯಾವ ಡಬ್ಬಿ ಹೋಯಿತು, ದೊಡ್ಡದೋ ಚಿಕ್ಕದೋ, ಒಳಗೇನಿತ್ತು, ವಾಪಸ್ ಬಂತೋ ಇಲ್ಲವೋ. ಸ್ಟೀಲ್ ಡಬ್ಬಿ ಕೊಟ್ಟರೆ ಯಾರೂ ಹಿಂತಿರುಗಿಸುವುದಿಲ್ಲವೆಂದು ಆಂಟಿ ವರ್ಷಗಳಿಂದ ಹೀಗೆ ಬರೆದಿಡುತ್ತಿದ್ದರಂತೆ. ಹೊನಗೊನೆ ಹೋದ ಡಬ್ಬಿಗಳಿಗೆ 'ಹೊ' ಎಂದು ಗುರುತು. ಎಣಿಸಿದರೆ ಸರಿಯಾಗಿ ಇಪ್ಪತ್ತು, ನನ್ನದು ಬಿಟ್ಟರೆ ಹತ್ತೊಂಬತ್ತು. ಒಂದು ಗಿಡ ಎಲ್ಲಿಂದ ಬಂತು, ಯಾರ ಕೈಯಿಂದ ಯಾರ ಕೈಗೆ, ಯಾವ ದಿನ ಹೋಯಿತು ಎಂಬುದನ್ನು ತಿಳಿಯಲು ನಾವು ಆಫೀಸಿನಲ್ಲಿ ವರ್ಷಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಿದ್ದೆವು. ಇಲ್ಲಿ ಎಲ್ಲವೂ ಏಕಾದಶಿ, ಅಮಾವಾಸ್ಯೆಯ ಪಕ್ಕದಲ್ಲೇ ಇತ್ತು. ನನಗೆ ಆಂಟಿಯನ್ನು ಅಪ್ಪಿಕೊಳ್ಳುವಷ್ಟು ಖುಷಿಯಾಯಿತು. ಅವರ ಮುಖ ನೋಡಿ ಪೆನ್ಸಿಲ್ ಕೈಗೆತ್ತಿಕೊಂಡೆ.

ಫೋನ್ ಮಾಡಿದ್ದು ಅವರೇ. ಒಂದೊಂದೇ ಮನೆ. "ನಾನು ಕೊಟ್ಟಿದ್ದು ಹೊನಗೊನೆ ಅಲ್ಲಮ್ಮ, ತಪ್ಪಾಗಿದೆ. ಬೇರು ಸಮೇತ ಕಿತ್ತು ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ನಮ್ಮನೆಗೆ ತಂದ್ಕೊಡು. ಡಬ್ಬಿನೂ ತಾ." ಹತ್ತೊಂಬತ್ತು ಸಲ ಅದೇ ಮಾತು, ಹತ್ತೊಂಬತ್ತು ಸಲ ತಪ್ಪಾಗಿದೆ ಎಂಬ ಪದ. ನಾನು ಒಂದು ಸಲ ಬರೆಯಲು ಅರ್ಧ ಗಂಟೆ ತೆಗೆದುಕೊಂಡಿದ್ದೆ. ಪಕ್ಕದಲ್ಲಿ ಕುಳಿತು ಒಂದೊಂದೇ ಚೌಕಕ್ಕೆ ಗೀಟು ಹಾಕುತ್ತ ಹೋದೆ.

ಹದಿನೆಂಟು ಮನೆಯ ಗಿಡ ವಾರದೊಳಗೆ ಬಂತು, ಡಬ್ಬಿಗಳ ಸಮೇತ. ಎಷ್ಟೋ ವರ್ಷದ ಹಿಂದೆ ಹೋಗಿದ್ದ ಡಬ್ಬಿಗಳೂ ಬಂದವೆಂದು ಅಂಕಲ್ ಗುಟ್ಟಾಗಿ ಹೇಳಿದರು. ಉಳಿದದ್ದು ಡುವಾಲ್‌ನ ಒಂದು ಮನೆ. ಅವರು ಕುಂಡದಲ್ಲಿ ಹಾಕದೆ ಹಿತ್ತಲಿನ ಚರಂಡಿಯ ಪಕ್ಕ ನೆಟ್ಟಿದ್ದರು. ಆ ಚರಂಡಿ ಹೊಲಗಳ ನಡುವೆ ಹಾದು ನದಿಗೆ ಸೇರುತ್ತದೆ. ಅಜ್ಜನ ಮನೆ ಅಲ್ಲಿಗೆ ಹತ್ತಿರವೇ. ಶನಿವಾರ ಬೆಳಗ್ಗೆ ಅಜ್ಜ ಗುದ್ದಲಿ ಹಿಡಿದು ಬಂದರು, ನಾನು ಆಂಟಿಯನ್ನು ಕರೆದುಕೊಂಡು ಹೋದೆ.

ಗಿಡ ಚೆನ್ನಾಗಿಯೇ ಹಬ್ಬಿತ್ತು. ಅಜ್ಜ ಗುದ್ದಲಿ ಎತ್ತಿದಾಗ ಆಂಟಿ ಅಡ್ಡ ಬಂದು, "ನೋ ನೋ, ಕಟ್ ಆಗತ್ತೆ" ಎಂದರು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಸ್ನೀಕರ್ ಕಳಚಿ, ಕೆಸರಿಗೆ ಇಳಿದರು. ಬೆರಳುಗಳನ್ನು ಬೇರಿನ ಕೆಳಗೆ ತೂರಿಸಿ, ಅಲ್ಲಾಡಿಸಿ ಸಡಿಲ ಮಾಡಿ, ಒಂದು ಗೆಣ್ಣೂ ಮುರಿಯದ ಹಾಗೆ ಇಡೀ ಬಳ್ಳಿಯನ್ನು ಎತ್ತಿ ತೆಗೆದರು. ಭತ್ತದ ಗದ್ದೆಯಲ್ಲಿ ಕಳೆ ಕಿತ್ತ ಕೈ ಅದು. ಅಜ್ಜ ಗುದ್ದಲಿಯನ್ನು ಬೇಲಿಗೆ ಒರಗಿಸಿ, ತಾವೂ ಅಂಗಿಯ ತೋಳು ಮಡಚಿ ಇಳಿದರು. ಮಧ್ಯಾಹ್ನದವರೆಗೆ ಮೂವರೂ ಕೈ ಹಾಕಿ ಕೊನೆಯ ಚೂರನ್ನೂ ಹುಡುಕಿ ತೆಗೆದೆವು.

ಹೊರಡುವ ಮುಂಚೆ ಅಜ್ಜ ಹೂವಿರುವ ಒಂದು ಕಡ್ಡಿಯನ್ನು ಆರಿಸಿ ಪೇಪರಿನ ನಡುವೆ ಒತ್ತಿಟ್ಟರು. ಇದೂ ಬೀರುವಿಗೆ ಸೇರಬೇಕು, ದ್ವೀಪದ್ದರ ಪಕ್ಕ ಇರಲಿ ಎಂದರು. ಹಾಳೆಯ ಮೂಲೆಗೆ ಹಾಕುವ ವಿವರಪಟ್ಟಿಯನ್ನು ಟೈಪ್ ಮಾಡುವ ಕೆಲಸ ನನ್ನದು. ಸಂಗ್ರಹಿಸಿದವರು ಎಂಬಲ್ಲಿ ಯಾರ ಹೆಸರು ಹಾಕಲಿ ಎಂದು ಕೇಳಿದೆ. "ಕಿತ್ತವರು ಯಾರು?" ಎಂದರು ಅವರು.

ದ್ವೀಪದಿಂದ ಆಮೇಲೆ ಬಂದ ಈಮೇಲ್‌ಗಳಲ್ಲಿ ಚಾಪೆಗಳು ಐದಾದವು, ಎರಡಾದವು, ಇಲ್ಲವಾದವು. ಪ್ರತಿ ವಾರ ಹೆಂಗಸರು ಕಾಲುವೆಯುದ್ದಕ್ಕೂ ನಡೆದು ನೋಡಿ ಬರುತ್ತಾರಂತೆ. ಕೆಸು ಉಳಿಯಿತು. ಪಟ್ಟಿ ಅಚ್ಚಾಗಿ ಬಂದಾಗ ಆ ಗಿಡ ಇರಬೇಕಾದ ಗುಂಪಿನಲ್ಲಿತ್ತು.

ಹಾಳೆ ಸಿದ್ಧವಾದ ದಿನ ಆಂಟಿಯನ್ನು ಆಫೀಸಿಗೆ ಕರೆದುಕೊಂಡು ಹೋದೆ. ಹಬ್ಬಕ್ಕೆ ಉಡುವ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಮೊದಲು ನನ್ನ ಹಾಳೆ ತೋರಿಸಿದೆ. ಎರಡು ಚೀಟಿಯನ್ನೂ ನಿಧಾನವಾಗಿ ನೋಡಿದರು.

"ಎರಡು ಸಲ ಯಾಕೆ?"

"ಮೇಲಿಂದು ತಪ್ಪಿದ್ದು. ಕೆಳಗಿಂದು ತಿದ್ದಿದ್ದು."

"ಎರಡೂ ಒಂದೇ ಕೈ ಬರಹ. ಚೆನ್ನಾಗಿದೆ" ಎಂದರು.

ಆಮೇಲೆ ಅವರ ಹಾಳೆ. ತಮ್ಮ ಹೆಸರಿನ ಮೇಲೆ ಬೆರಳಿಟ್ಟು ಓದಿ ಮುಖ ಗಂಟಿಕ್ಕಿದರು. ನಾನು ಅವರ ಡ್ರೈವಿಂಗ್ ಲೈಸೆನ್ಸಿನಲ್ಲಿದ್ದ ಹಾಗೆ, ಹೆಸರಿನ ಮುಂದೆ ಅಂಕಲ್ ಹೆಸರು ಸೇರಿಸಿ ಟೈಪ್ ಮಾಡಿದ್ದೆ.

"ಇದು ಲೈಸೆನ್ಸ್ ಹೆಸರು. ಇಲ್ಲಿಯವ್ರು ಲಾಸ್ಟ್ ನೇಮ್ ಬೇಕೇ ಬೇಕು ಅಂದ್ರು ಅಂತ ಹಾಕಿದ್ದು. ಇಸ್ಕೂಲಲ್ಲಿ ನನ್ನ ಹೆಸರಿಗೆ ನಮ್ಮೂರಿನ ಇನಿಷಿಯಲ್ ಇತ್ತು. ಎಷ್ಟು ವರ್ಷ ಇರತ್ತೆ ಇದು?"

"ಚೆನ್ನಾಗಿಟ್ರೆ ಇನ್ನೂರು ವರ್ಷ."

"ಹಾಗಿದ್ರೆ ಊರಿನ ಹೆಸರು ಪೂರ್ತಿ ಹಾಕು."

ಅವರೆದುರೇ ಮತ್ತೆ ಟೈಪ್ ಮಾಡಿದೆ. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವುದು ಹೇಗೆಂದು ಇಬ್ಬರೂ ಎರಡು ಸಲ ಯೋಚಿಸಿದೆವು. ಆ ಹಳ್ಳಿಯ ಹೆಸರು ಅದಕ್ಕೆ ಮೊದಲು ಇಂಗ್ಲಿಷಿನಲ್ಲಿ ಎಲ್ಲಾದರೂ ಅಚ್ಚಾಗಿತ್ತೋ ಇಲ್ಲವೋ. ಹೊಸ ವಿವರಪಟ್ಟಿಯನ್ನು ಹಳೆಯದರ ಕೆಳಗೆ ಅಂಟಿಸಿದಾಗ ಅವರು ಮತ್ತೊಮ್ಮೆ ಬಗ್ಗಿ ನೋಡಿ, ತಮ್ಮ ಹೆಸರಿನ ಪಕ್ಕದ ಸಾಲನ್ನು ತೋರಿಸಿದರು.

"ಇಲ್ಲೇನು ಬರೆದಿದೀಯ?"

"ಹೊರಗಿಂದ ಬಂದದ್ದು, ಹಾನಿ ಮಾಡೋ ಅಂಥದ್ದು ಅಂತ."

"ಅದು ಗಿಡಕ್ಕೆ ತಾನೆ?"

"ಗಿಡಕ್ಕೇ ಆಂಟಿ."

"ಸರಿ" ಎಂದರು. ಸೆರಗು ಸರಿಮಾಡಿಕೊಂಡು ಹಾಳೆಯ ಪಕ್ಕ ನೆಟ್ಟಗೆ ನಿಂತು, ಒಂದು ಫೋಟೋ ತೆಗಿ ಎಂದರು.